ಅಕ್ಕಡಿ ಸಾಲಿನ ಸಾಸಿವೆಯೂ ದೆಹಲಿಯ ಸಾಸಿವೆಯೂ



ಕಳೆದ ಶ್ರಾವಣಮಾಸದಲ್ಲಿ ಜಾವಗಲ್ಲಿನ ಭಕ್ತರೊಬ್ಬರ ಮನೆಯಲ್ಲಿ ಶಿವಪೂಜೆ, ಪ್ರಸಾದಗಳು ಮುಗಿದ ತರುವಾಯ ಜಗಲಿಯ ಮೇಲೆ ಕುಳಿತಿದ್ದೆವು. ಆಗ ನಮ್ಮ ಪ್ರಸಾದನಿಲಯದಲ್ಲಿಯೇ ಉಂಡು ಓದಿ, ಮುಂದೆ ಕೃಷಿ ಪದವೀಧರನಾಗಿ, ಈಗ ಬೀಜದ ವ್ಯಾಪಾರದಲ್ಲಿ ನೆಲೆನಿಂತಿರುವ ಹಳೆಯ ವಿದ್ಯಾರ್ಥಿಯೊಬ್ಬನು ಬಂದು ನಮಸ್ಕರಿಸಿ ಕುಳಿತನು. ಮಾತು ಮಳೆಯಿಂದ ರಾಗಿಗೆ, ರಾಗಿಯಿಂದ ಅಡುಗೆ ಎಣ್ಣೆಯ ಬೆಲೆಗೆ, ಅಲ್ಲಿಂದ ಕುಲಾಂತರಿ ಸಾಸಿವೆಗೆ ಹೊರಳಿತು. “ಬುದ್ಧೀ, ತಾವು ಕಾಶಿಯಲ್ಲಿಯೂ ಓದಿದವರು, ವಿಶ್ವವಿದ್ಯಾನಿಲಯದಲ್ಲಿಯೂ ಓದಿದವರು. ತಮ್ಮಂಥವರೇ ವಿಜ್ಞಾನಕ್ಕೆ ಅಡ್ಡ ನಿಂತರೆ ಹಳ್ಳಿಯ ಜನ ಯಾರ ಮಾತು ಕೇಳಬೇಕು? ಆ ಸಾಸಿವೆಯ ಮೇಲೆ ತಮಗೇಕೆ ಅಷ್ಟು ಸಿಟ್ಟು?” ಎಂದು ಕೇಳಿದನು. “ಸಿಟ್ಟಲ್ಲಪ್ಪಾ, ಸಂಶಯ” ಎಂದೆವು. ಊರಿನ ಹಿರಿಯರು ಕಾಯುತ್ತಿದ್ದುದರಿಂದ ಅಂದು ಮಾತು ಅಲ್ಲಿಗೇ ನಿಂತಿತು. ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿದವನಿಗೆ ಅರ್ಧ ಉತ್ತರ ಕೊಟ್ಟು ಕಳುಹಿಸುವುದು ಗುರುಸ್ಥಾನಕ್ಕೆ ತಕ್ಕುದಲ್ಲ. ಆದುದರಿಂದ ಉಳಿದರ್ಧವನ್ನು ಇಲ್ಲಿ, ಎಲ್ಲರೂ ಓದುವಂತೆ, ಬರೆಯುತ್ತಿದ್ದೇವೆ.

ನಮ್ಮ ತರ್ಕಶಾಸ್ತ್ರದ ಮರ್ಯಾದೆಯೊಂದುಂಟು. ಎದುರಾಳಿಯ ಮಾತನ್ನು ಅವನಿಗಿಂತಲೂ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರವೇ ಅದನ್ನು ಖಂಡಿಸುವ ಅಧಿಕಾರ. ಈ ವಿಷಯದಲ್ಲಿ ಆ ಮರ್ಯಾದೆಯನ್ನು ಎರಡು ಕಡೆಯವರೂ ಮೀರಿದ್ದಾರೆ. ಆದುದರಿಂದ ಮೊದಲು ಪೂರ್ವಪಕ್ಷ.

ಸಾಸಿವೆಯ ಒಂದೇ ಹೂವಿನಲ್ಲಿ ಪರಾಗವೂ ಅಂಡಾಶಯವೂ ಕೂಡಿಯೇ ಇರುತ್ತವೆ. ಬಹುಮಟ್ಟಿಗೆ ಆ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಎರಡು ತಳಿಗಳನ್ನು ಕೂಡಿಸಿ ಸಂಕರ ಬೀಜ ಪಡೆಯಬೇಕಾದರೆ ಒಂದು ತಳಿಯಲ್ಲಿ ಪರಾಗವೇ ಹುಟ್ಟದಂತೆ ಮಾಡಬೇಕು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಡಾ. ದೀಪಕ್ ಪೆಂಟಲ್ ಅವರ ನೇತೃತ್ವದ ವಿಜ್ಞಾನಿಗಳು ಮಾಡಿದುದು ಇದನ್ನೇ. ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಾಣುವಿನಿಂದ ಬಾರ್ನೇಸ್ ಎಂಬ ವಂಶವಾಹಿಯನ್ನು ತೆಗೆದು ‘ವರುಣ’ ಎಂಬ ಸಾಸಿವೆಗೆ ಸೇರಿಸಿದರು; ಅದರಲ್ಲಿ ಪರಾಗ ಹುಟ್ಟದಾಯಿತು. ಅದೇ ಸೂಕ್ಷ್ಮಾಣುವಿನ ಬಾರ್‌ಸ್ಟಾರ್ ಎಂಬ ವಂಶವಾಹಿಯನ್ನು ಪೂರ್ವ ಯೂರೋಪಿನ ಮೂಲದ ಮತ್ತೊಂದು ತಳಿಗೆ ಸೇರಿಸಿದರು. ಅದು ಬಾರ್ನೇಸಿನ ಕೆಲಸವನ್ನು ತಡೆದು ಪರಾಗವನ್ನು ಮರಳಿಸುತ್ತದೆ. ಈ ಎರಡರ ಸಂಕರವೇ ಡಿ.ಎಂ.ಎಚ್.-11. ಇವೆರಡರ ಜೊತೆಗೆ ‘ಬಾರ್’ ಎಂಬ ಮೂರನೆಯ ವಂಶವಾಹಿಯೂ ಇದೆ. ಗ್ಲುಫೋಸಿನೇಟ್ ಎಂಬ ಕಳೆನಾಶಕವನ್ನು ಸಿಂಪಡಿಸಿದಾಗ ಉಳಿದ ಗಿಡಗಳೆಲ್ಲ ಸತ್ತರೂ ಈ ಸಾಸಿವೆ ಬದುಕಿಕೊಳ್ಳುವುದು ಅದರಿಂದ. ಈ ಮೂರನೆಯದನ್ನು ವಾಚಕರು ನೆನಪಿನಲ್ಲಿಡಬೇಕು.

ಇದರ ಪರವಾಗಿ ಹೇಳುವವರ ವಾದಗಳು ಹಗುರವಾದುವಲ್ಲ. ಭಾರತವು ತಾನು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸುತ್ತಿದೆ, ಈ ಸಾಸಿವೆ ಪ್ರಯೋಗದ ಹೊಲಗಳಲ್ಲಿ ವರುಣಕ್ಕಿಂತ ಶೇಕಡಾ 28ರಷ್ಟು ಹೆಚ್ಚು ಇಳುವರಿ ಕೊಟ್ಟಿತೆನ್ನುತ್ತಾರೆ, ಇದನ್ನು ರೂಪಿಸಿದುದು ಪರದೇಶದ ಕಂಪನಿಯಲ್ಲ, ಸಾರ್ವಜನಿಕ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯ, ಇಂಥದೇ ತಂತ್ರದಿಂದಾದ ಕನೋಲಾ ಬೆಳೆಯನ್ನು ಕೆನಡಾ ದೇಶದವರು 1990ರ ದಶಕದಿಂದ ಬೆಳೆಯುತ್ತಿದ್ದಾರೆ, ಬಿ.ಟಿ. ಹತ್ತಿಯ ಬೀಜದ ಎಣ್ಣೆಯನ್ನು ನಾವೇ ಎರಡು ದಶಕಗಳಿಂದ ತಿನ್ನುತ್ತಿದ್ದೇವೆ. ಇವೆಲ್ಲವೂ ನಿಜ. ನಿಜವೆಂದು ಒಪ್ಪಿಕೊಂಡೇ ಮುಂದುವರಿಯುತ್ತೇವೆ.

ನಮ್ಮ ಪಕ್ಷದವರಿಗೂ ಒಂದು ಕಟುಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಈ ಸಾಸಿವೆಯನ್ನು ತಿಂದವರಿಗೆ ಮಕ್ಕಳಾಗುವುದಿಲ್ಲವೆಂದು ಸಭೆಗಳಲ್ಲಿ ಗಂಟಲು ಹರಿದುಕೊಂಡು ಹೇಳುವವರನ್ನು ನಾವು ಕಂಡಿದ್ದೇವೆ. ಗಿಡದ ಪರಾಗಕೋಶದಲ್ಲಿ ಮಾತ್ರ ಕೆಲಸ ಮಾಡುವ ಒಂದು ಧಾತುವನ್ನು ಹಿಡಿದುಕೊಂಡು ಮನುಷ್ಯನ ಸಂತಾನದವರೆಗೆ ಓಡುವುದು ತರ್ಕವೂ ಅಲ್ಲ, ಧರ್ಮವೂ ಅಲ್ಲ. ಸುಳ್ಳಿನಿಂದ ಗೆದ್ದ ವಾದವು ನಾಳೆ ಸತ್ಯವನ್ನು ಹೇಳುವ ಬಾಯನ್ನೂ ಮುಚ್ಚಿಸುತ್ತದೆ. ಹೆದರಿಸುವವರು ನಮ್ಮ ಪಕ್ಷಕ್ಕೆ ಬೇಡ. ನಮ್ಮ ಪ್ರಶ್ನೆಗಳು ಹೊಲದಲ್ಲಿ ಹುಟ್ಟಿದವು. ಅವುಗಳಿಗೆ ಹೊಲದ ಮೇಲೆಯೇ ಉತ್ತರ ಬೇಕು.

ಮೊದಲನೆಯದು ಇಳುವರಿ. ಹೋಲಿಕೆಗೆ ಪ್ರಧಾನವಾಗಿ ಹಿಡಿದುದು ವರುಣವನ್ನು. ಅದಾದರೋ 1970ರ ದಶಕದ ತಳಿ. ಮುದುಕನೊಡನೆ ಓಡಿ ಗೆದ್ದ ಯುವಕನಿಗೆ ಪದಕ ತೊಡಿಸುವುದುಂಟೇ? ಅದೇ ದೆಹಲಿಯ ತಂಡವೇ ಪರಕೀಯ ವಂಶವಾಹಿಗಳ ಸಹಾಯವಿಲ್ಲದೆ ಡಿ.ಎಂ.ಎಚ್.-1 ಎಂಬ ಸಂಕರ ಸಾಸಿವೆಯನ್ನು ಹಿಂದೆಯೇ ಕೊಟ್ಟಿದೆ. ಕುಲಾಂತರವಿಲ್ಲದೆಯೂ ಸಂಕರ ಸಾಧ್ಯವೆಂದು ತೋರಿಸಿದವರು ಅವರೇ. ಹಾಗಾದರೆ ಹೊಸ ಸಾಸಿವೆಯನ್ನು ಇಂದಿನ ಅತ್ಯುತ್ತಮ ಸಂಕರಗಳ ಪಕ್ಕದಲ್ಲಿ, ಅದೇ ಮಣ್ಣಿನಲ್ಲಿ, ಅದೇ ನೀರಿನಲ್ಲಿ ಬೆಳೆಸಿ ತೂಗಿ ತೋರಿಸಬೇಕಾಗಿತ್ತು. ಹೆಚ್ಚಾದ ಇಳುವರಿಯಲ್ಲಿ ಸಂಕರದ ಪಾಲೆಷ್ಟು, ಕುಲಾಂತರದ ಪಾಲೆಷ್ಟು ಎಂಬ ಪ್ರಶ್ನೆಗೆ ನೇರ ಉತ್ತರ ಕೊಡದೆ ‘ಇಳುವರಿ ಹೆಚ್ಚಿತು’ ಎಂದು ಡಂಗುರ ಸಾರುವುದನ್ನು ವಿಜ್ಞಾನವೆನ್ನಲಾಗದು. ಅದು ವ್ಯಾಪಾರದ ಮಾತು.

ಎರಡನೆಯದು ಎಣ್ಣೆ. ಆಮದು ಹೆಚ್ಚಿದ್ದು ಬೀಜದ ದೋಷದಿಂದಲೇ ಎಂಬಂತೆ ಮಾತನಾಡುವರು. ಇತಿಹಾಸ ಹಾಗೆ ಹೇಳುವುದಿಲ್ಲ. 1986ರಲ್ಲಿ ಕೇಂದ್ರ ಸರ್ಕಾರವು ಎಣ್ಣೆಬೀಜಗಳ ತಾಂತ್ರಿಕ ಮಿಷನ್ನನ್ನು ಆರಂಭಿಸಿತು. ಒಳ್ಳೆಯ ಬೀಜ, ರೈತನಿಗೆ ಬೆಲೆಯ ಆಸರೆ, ಆಮದಿನ ಮೇಲೆ ಕಡಿವಾಣ, ಇಷ್ಟನ್ನೇ ನೆಚ್ಚಿ 1990ರ ದಶಕದ ಆರಂಭದ ವೇಳೆಗೆ ದೇಶವು ಎಣ್ಣೆಯಲ್ಲಿ ಸ್ವಾವಲಂಬನೆಯ ಬಾಗಿಲಿಗೆ ಬಂದಿತ್ತು. ಅಂದು ಕುಲಾಂತರಿ ಬೀಜ ಒಂದೂ ಇರಲಿಲ್ಲ. ಆ ದಶಕದ ನಡುವಿನಲ್ಲಿ ಆಮದಿನ ಬಾಗಿಲನ್ನು ತೆರೆದು ಸುಂಕವನ್ನಿಳಿಸಿದರು; ಹಡಗು ಹಡಗಾಗಿ ತಾಳೆ ಎಣ್ಣೆ ಬಂದಿಳಿಯಿತು. ನಮ್ಮ ಕರ್ನಾಟಕವೇ ಒಂದು ಕಾಲಕ್ಕೆ ಸೂರ್ಯಕಾಂತಿಯಲ್ಲಿ ದೇಶಕ್ಕೆ ಮುಂದಾಗಿತ್ತು. ಇಂದು ಆ ಹಳದಿ ಹೊಲಗಳೆಲ್ಲಿ? ಕುಸುಬೆ ಎಲ್ಲಿ, ಹುಚ್ಚೆಳ್ಳು ಎಲ್ಲಿ, ಊರೂರಿನ ಗಾಣಗಳೆಲ್ಲಿ? ಇವು ಕಣ್ಮರೆಯಾದುದು ರೈತನಿಗೆ ಬೆಲೆ ಸಿಗದೆ. ಕೆರೆಯ ತೂಬನ್ನು ತೆರೆದಿಟ್ಟು, ಏತವನ್ನು ಹೊಸದಾಗಿ ಮಾಡಿಸುತ್ತೇವೆನ್ನುವವರ ಜಾಣತನ ಇದು. ಅದೂ ಅಲ್ಲದೆ ದೆಹಲಿಯ ಈ ಸಾಸಿವೆ ಉತ್ತರದ ಚಳಿಗಾಲದ ಬೆಳೆ. ರಾಜಸ್ಥಾನ, ಉತ್ತರಪ್ರದೇಶಗಳ ಬಯಲಿಗೆಂದು ಮಾಡಿದ್ದು.

ಹಾಗಿದ್ದ ಮೇಲೆ ಜಾವಗಲ್ಲಿನವರಿಗೇಕೆ ಈ ಗೊಡವೆ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ನಮ್ಮ ಸೀಮೆಯಲ್ಲಿ ಸಾಸಿವೆಯನ್ನು ಎಣ್ಣೆಗಾಗಿ ಬೆಳೆಯುವವರಿಲ್ಲ. ಆದರೆ ನಮ್ಮ ಹಿರಿಯರು ಸಾಸಿವೆಯಿಲ್ಲದ ರಾಗಿಯ ಹೊಲವನ್ನು ಹೊಲವೆಂದೇ ಎಣಿಸುತ್ತಿರಲಿಲ್ಲ. ಕೂರಿಗೆಯಿಂದ ಆರೆಂಟು ಸಾಲು ರಾಗಿ ಬಿತ್ತಿ ಒಂದು ಸಾಲು ಅಕ್ಕಡಿ ಹಾಕುವರು; ಆ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು, ಹರಳು, ಸಾಸಿವೆ. ಮಳೆ ಕೈಕೊಟ್ಟು ರಾಗಿ ಬಾಡಿದರೂ ಅವರೆ ಉಳಿಯುವುದು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುವುದು. ಎಳೆಯ ಸಾಸಿವೆ ಸೊಪ್ಪು ಸಾರಿಗಾಗುವುದು. ಬಲಿತ ಕಾಳು ವರ್ಷದ ಒಗ್ಗರಣೆಗೂ ಉಪ್ಪಿನಕಾಯಿಗೂ ಸಾಲುವುದು. ಮನೆಯೊಡತಿ ಅದರಿಂದ ಒಂದು ಹಿಡಿಯನ್ನು ಬೂದಿಯಲ್ಲಿ ಬೆರೆಸಿ ಗಡಿಗೆಯಲ್ಲಿಟ್ಟರೆ ಮುಂದಿನ ವರ್ಷದ ಬಿತ್ತನೆ ಸಿದ್ಧ. ಅರಸೀಕೆರೆಯ ಕಡೆಯ ಬೆದ್ದಲು ಭೂಮಿಯಲ್ಲಿ, ಮಳೆಯನ್ನೇ ನಂಬಿದ ಬಡವನಿಗೆ ಅಕ್ಕಡಿಯೇ ಬೆಳೆವಿಮೆ. ಅದಕ್ಕೆ ಕಂತು ಕಟ್ಟಬೇಕಾಗಿಲ್ಲ, ಅರ್ಜಿ ಬರೆಯಬೇಕಾಗಿಲ್ಲ.

ಈಗ ಆ ಮೂರನೆಯ ವಂಶವಾಹಿಯನ್ನು ಸ್ಮರಿಸಿರಿ. ಕಳೆನಾಶಕವನ್ನು ತಾಳುವ ಗಿಡವೊಂದು ಹೊಲಕ್ಕೆ ಬಂದಿತೆಂದರೆ, ಆ ಔಷಧಿಯ ದೃಷ್ಟಿಯಲ್ಲಿ ಉಳಿದುದೆಲ್ಲ ಕಳೆಯೇ. ರಾಗಿ ಕಳೆ, ಅವರೆ ಕಳೆ, ಹುಚ್ಚೆಳ್ಳು ಕಳೆ. ಅಕ್ಕಡಿಯೂ ಇಂಥ ಔಷಧಿಯೂ ಒಂದೇ ಹೊಲದಲ್ಲಿ ಬಾಳಲಾರವು. ಇನ್ನು ನಾವು ಕಳೆಯೆಂದು ಕರೆಯುವುದಾದರೂ ಏನು? ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನ್ನೆ ಸೊಪ್ಪು. ಇವನ್ನೆಲ್ಲ ಕಿತ್ತು ತಂದು ಮಾಡುವ ಬೆರಕೆ ಸೊಪ್ಪಿನ ಸಾರನ್ನು ಉಣ್ಣದೆ ಬೆಳೆದವರು ನಮ್ಮ ವಾಚಕರಲ್ಲಿ ಎಷ್ಟು ಮಂದಿ? ಭೂಮಿಯಿಲ್ಲದ ಹೆಣ್ಣುಮಗಳು ಪರರ ಹೊಲದ ಬದುವಿನಿಂದ ಕೇಳದೆ ಕಿತ್ತು ಒಯ್ಯಬಹುದಾದ ಏಕೈಕ ಬೆಳೆ ಅದು. ಅದನ್ನು ಸುಟ್ಟುಬಿಟ್ಟರೆ ಅವಳ ಮಡಿಲಿಗೆ ಏನನ್ನು ಹಾಕುತ್ತೀರಿ?

‘ಕಳೆನಾಶಕವನ್ನು ರೈತರು ಬಳಸುವಂತಿಲ್ಲ, ಬೀಜ ತಯಾರಿಸುವಲ್ಲಿ ಮಾತ್ರ ಬಳಸಬೇಕು’ ಎಂದು 2022ರ ಅನುಮತಿಯ ಪತ್ರದಲ್ಲಿಯೇ ಷರತ್ತು ಹಾಕಿದೆಯಲ್ಲ ಎನ್ನುವರು. ಹೌದು, ಹಾಕಿದೆ. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಬಿ.ಟಿ. ಹತ್ತಿಗೆ ಅನುಮತಿ ದೊರೆತದ್ದು 2002ರ ಮಾರ್ಚಿಯಲ್ಲಿ. ಅದಕ್ಕೆ ಮುಂಚೆ, 2001ರಲ್ಲಿಯೇ, ಗುಜರಾತಿನ ಹೊಲಗಳಲ್ಲಿ ಅದು ಅನುಮತಿಯಿಲ್ಲದೆ ಬೆಳೆದು ನಿಂತಿತ್ತು. ಕಳೆನಾಶಕ ತಾಳುವ ಹತ್ತಿಗೆ ಸರ್ಕಾರ ಒಪ್ಪಿಗೆ ಕೊಡದಿದ್ದಾಗಲೇ ಅದರ ಬೀಜ ರಾಜ್ಯದಿಂದ ರಾಜ್ಯಕ್ಕೆ ಹರಿದಾಡಿತು. 2019ರಲ್ಲಿ ಮಹಾರಾಷ್ಟ್ರದ ಕೆಲವು ರೈತರು ಅದನ್ನು ಬಹಿರಂಗವಾಗಿ ಬಿತ್ತಿ ಕಾನೂನಿಗೇ ಸವಾಲೆಸೆದರು. ಇಡೀ ಹತ್ತಿಯ ಹೊಲವನ್ನೇ ಕಾಯಲಾಗದ ಆಡಳಿತವು ಮನೆಮನೆಯ ಸಿಂಪಡಣೆ ಯಂತ್ರವನ್ನು ಕಾಯುವುದೆಂದು ನಂಬುವುದು ಮುಗ್ಧತೆಯಾದೀತು. ಸರ್ವೋಚ್ಚ ನ್ಯಾಯಾಲಯವೇ ನೇಮಿಸಿದ್ದ ತಾಂತ್ರಿಕ ತಜ್ಞರ ಸಮಿತಿಯ ಬಹುಮತದ ವರದಿಯು 2013ರಲ್ಲಿ, ಕಳೆನಾಶಕ ತಾಳುವ ಬೆಳೆಗಳು ನಮ್ಮ ದೇಶಕ್ಕೆ ಹೊಂದುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಗ್ಲುಫೋಸಿನೇಟಿನ ಅನುಮತಿಯ ಅವಧಿ ಐರೋಪ್ಯ ಒಕ್ಕೂಟದಲ್ಲಿ 2018ರಲ್ಲಿ ಮುಗಿಯಿತು. ಮತ್ತೆ ಅದನ್ನು ನವೀಕರಿಸಲಿಲ್ಲ. ಇವನ್ನು ಹೇಳುವವರೂ ವಿಜ್ಞಾನಿಗಳೇ. ಹಾಗಿದ್ದಲ್ಲಿ ವಿಜ್ಞಾನವಿರೋಧಿಗಳು ಯಾರು?

ಜೇನಿನ ವಿಷಯ ಇನ್ನೂ ವಿಚಿತ್ರ. ಈ ಸಾಸಿವೆಯಿಂದ ಜೇನುನೊಣಗಳ ಮೇಲೂ ಇತರ ಪರಾಗವಾಹಕಗಳ ಮೇಲೂ ಆಗುವ ಪರಿಣಾಮವನ್ನು ಬಿಡುಗಡೆಯ ನಂತರ ಎರಡು ವರ್ಷಗಳಲ್ಲಿ ಅಧ್ಯಯನ ಮಾಡಬೇಕೆಂದು ಅದೇ ಅನುಮತಿಯಲ್ಲಿ ವಿಧಿಸಿದ್ದಾರೆ. ಮೊದಲು ಮದುವೆ, ಆಮೇಲೆ ವರನ ಕುಲಗೋತ್ರದ ವಿಚಾರಣೆ! ತಿಳಿಯದ ಸಂಗತಿ ಇದೆಯೆಂದು ಒಪ್ಪಿಕೊಂಡವರು ತಿಳಿದ ಮೇಲೆ ಮುಂದಡಿಯಿಡಬೇಕು. ನಮ್ಮ ಹುಚ್ಚೆಳ್ಳು ಜೇನಿಲ್ಲದೆ ಕಾಳು ಕಟ್ಟಲಾರದು. ಅರಸೀಕೆರೆಯ ತೆಂಗಿಗೂ ಜೇನು ಬೇಕು. ಜೇನಿಗೆ ಏನೂ ಆಗದಿರಬಹುದು. ಆಗುವುದಿಲ್ಲವೆಂದು ತೋರಿಸುವ ಹೊಣೆ ಬೀಜ ತಂದವರದು, ಹೊಲದವನದಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಲೇಖನಕ್ಕೆ ನೈತಿಕ ಬಲವಿರದು. ಕೆಲವು ವರ್ಷಗಳ ಹಿಂದೆ ಕೂಲಿಯಾಳು ಸಿಗುವುದಿಲ್ಲವೆಂಬ ಕಾರಣದಿಂದ ಶ್ರೀಮಠದ ಬೆದ್ದಲು ಹೊಲದಲ್ಲಿ ರಾಗಿಯನ್ನೂ ಅಕ್ಕಡಿಯನ್ನೂ ಬಿಟ್ಟು ಮುಸುಕಿನ ಜೋಳ ಹಾಕಿಸಿ, ಕಳೆಗೆ ಔಷಧಿ ಹೊಡೆಸಿದೆವು. ಬಲವಂತ ಮಾಡಿದವರು ಯಾರೂ ಇಲ್ಲ, ನಾವೇ ಒಪ್ಪಿದೆವು. ಮೊದಲ ವರ್ಷ ಸುಖವಾಗಿತ್ತು. ಎರಡನೆಯ ವರ್ಷ, ಪ್ರತಿದಿನ ಬೆಳಿಗ್ಗೆ ಹೊಲಕ್ಕೆ ಸೊಪ್ಪು ಕೀಳಲು ಬರುತ್ತಿದ್ದ ಮುದುಕಿಯೊಬ್ಬಳು ಬರುವುದನ್ನು ನಿಲ್ಲಿಸಿದಳು. ಏಕೆಂದು ಕೇಳಿಸಿದಾಗ, “ಬುದ್ಧಿಯವರ ಹೊಲದಾಗೆ ಈಗ ಏನೈತೆ ಕೀಳಕ್ಕೆ?” ಎಂದಳಂತೆ. ನಾಲ್ಕನೆಯ ವರ್ಷ ಜಾತ್ರೆಯ ದಾಸೋಹಕ್ಕೆ ಒಗ್ಗರಣೆಯ ಸಾಸಿವೆಯನ್ನು ಅರಸೀಕೆರೆಯ ಅಂಗಡಿಯಿಂದ ತರಿಸಬೇಕಾಯಿತು. ಉಗ್ರಾಣದ ಗಡಿಗೆಯಲ್ಲಿ ಬಿತ್ತನೆಗೆಂದು ಇಟ್ಟಿದ್ದ ಹುಚ್ಚೆಳ್ಳೂ ಸಾಸಿವೆಯೂ ಹುಳು ಹಿಡಿದು ಹೋಗಿದ್ದವು. ವರ್ಷ ವರ್ಷ ಬಿತ್ತದ ಬೀಜ ಎಷ್ಟು ದಿನ ಉಳಿದೀತು? ನೂರಾರು ಜನಕ್ಕೆ ಅನ್ನವಿಕ್ಕುವ ಮಠವು ಒಂದು ಹಿಡಿ ಬೀಜದ ಮಟ್ಟಿಗೆ ಪರದೇಶಿಯಾಗಿತ್ತು. ಕೊನೆಗೆ ಹತ್ತಿರದ ಹಳ್ಳಿಯ ವೃದ್ಧ ಭಕ್ತೆಯೊಬ್ಬರು ತಮ್ಮ ಗಡಿಗೆಯಿಂದ ಒಂದು ಪಾವು ಸಾಸಿವೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕೊಟ್ಟರು. ಕಾಣಿಕೆ ಕೊಡುವವರು ಅವರು, ಪಡೆಯುವವರು ನಾವು. ಆದರೂ ಅಂದು ನಮಗೆ ಅವರ ಮುಖ ನೋಡಲು ನಾಚಿಕೆಯಾಯಿತು. ಆ ಪಾವು ಸಾಸಿವೆಯಿಂದ ಮಠದ ಹೊಲದಲ್ಲಿ ಮತ್ತೆ ಅಕ್ಕಡಿ ಸಾಲು ಎದ್ದಿದೆ.

ಬೀಜ ಪರಾಧೀನವಾದರೆ ಏನಾಗುವುದೆಂಬುದಕ್ಕೆ ನಮ್ಮ ಹಾಸನ ಜಿಲ್ಲೆಯವರು ದೂರಕ್ಕೆ ಹೋಗಿ ದೃಷ್ಟಾಂತ ಹುಡುಕಬೇಕಾಗಿಲ್ಲ. ಆಲೂಗೆಡ್ಡೆಯೇ ಇದೆ. ಬಿತ್ತನೆಯ ಗೆಡ್ಡೆ ಪಂಜಾಬಿನ ಜಲಂಧರದ ಕಡೆಯಿಂದ ಲಾರಿಗಳಲ್ಲಿ ಹಾಸನದ ಮಾರುಕಟ್ಟೆಗೆ ಬರಬೇಕು; ಬಂದ ಗೆಡ್ಡೆ ಎಂಥದೆಂದು ಮೊಳಕೆಯೊಡೆಯುವವರೆಗೆ ತಿಳಿಯದು; ಅಂಗಮಾರಿ ರೋಗ ಬಿದ್ದ ವರ್ಷ ಹೊಲಕ್ಕೆ ಹೊಲವೇ ಕರಕಾಗುವುದು. ಸಾಲ ಮಾಡಿ ಗೆಡ್ಡೆ ಕೊಂಡವನು ಯಾರ ಬಾಗಿಲಿಗೆ ಹೋಗಬೇಕು? ಒಂದು ಕಾಲಕ್ಕೆ ಆಲೂಗೆಡ್ಡೆಗೆ ಹೆಸರಾಗಿದ್ದ ಜಿಲ್ಲೆಯಲ್ಲಿ ಆ ಬೆಳೆಯ ವಿಸ್ತೀರ್ಣ ಕುಗ್ಗುತ್ತ ಬಂದುದನ್ನು ನಾವೇ ಕಂಡಿದ್ದೇವೆ. ಅಲ್ಲಿ ಕುಲಾಂತರಿಯೂ ಇಲ್ಲ, ಪರದೇಶದ ಕಂಪನಿಯೂ ಇಲ್ಲ; ಬೀಜ ಕೈತಪ್ಪಿದ್ದಷ್ಟೇ ಸಾಕಾಯಿತು. ಬಿ.ಟಿ. ಹತ್ತಿಯ ಕಥೆಯೂ ಹೀಗೆಯೇ. ಮೊದಲ ವರ್ಷಗಳಲ್ಲಿ ಕಾಯಿಕೊರಕ ಹುಳುವಿನ ಕಾಟ ತಗ್ಗಿ ಔಷಧಿಯ ಖರ್ಚು ಇಳಿದುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗುಲಾಬಿ ಕಾಯಿಕೊರಕವು ಆ ವಿಷವನ್ನೂ ಅರಗಿಸಿಕೊಂಡಿತು. ಆ ವೇಳೆಗೆ ಹಿಂದಿರುಗೋಣವೆಂದರೆ ದೇಶದ ಹತ್ತಿಯ ನೆಲದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಬಿ.ಟಿ.ಯೇ ಆಗಿ, ಅಂಗಡಿಯಲ್ಲಿ ಬೇರೆ ಬೀಜವೇ ಸಿಗದಾಗಿತ್ತು. ಹಿಂದಿರುಗುವ ದಾರಿ ಉಳಿದಿದೆಯೇ ಎಂದು ನೋಡಿಕೊಂಡು ಕಾಡಿಗೆ ಹೋಗಬೇಕೆಂಬುದು ಕುರಿ ಕಾಯುವ ಹುಡುಗನಿಗೂ ಗೊತ್ತು.

ಬೀಜದ ಹಕ್ಕಿನ ವಿಷಯದಲ್ಲಿ ನಮ್ಮ ದೇಶದ ಕಾನೂನು ಉದಾರವಾಗಿದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮದ 39ನೆಯ ಪ್ರಕರಣವು, ರೈತನು ತಾನು ಬೆಳೆದುದರಲ್ಲಿ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಕಂಪನಿಯ ಮುದ್ರೆಯಿಲ್ಲದೆ ಮಾರಲೂಬಹುದು ಎನ್ನುತ್ತದೆ. ಆದರೆ ಸಂಕರದ ಬೀಜವನ್ನು ಉಳಿಸಿ ಬಿತ್ತಿದರೆ ಆಗುವುದೇನು? ತಾಯಿತಂದೆಯರ ಗುಣಗಳು ಚೆದುರಿಹೋಗುವುದು ಎಲ್ಲ ಸಂಕರಗಳಿಗೂ ಇದ್ದದ್ದೇ. ಈ ಸಾಸಿವೆಯಲ್ಲಿ ಇನ್ನೊಂದೂ ಇದೆ. ಬಾರ್ನೇಸ್, ಬಾರ್‌ಸ್ಟಾರ್‌ಗಳು ಬೇರೆ ಬೇರೆಯಾಗಿ ಹಂಚಿಹೋದರೆ, ಮೆಂಡೆಲನ ಲೆಕ್ಕದಂತೆ, ಮರುಬಿತ್ತನೆಯ 16 ಗಿಡಗಳಲ್ಲಿ ಸುಮಾರು 3ರಲ್ಲಿ ಬಾರ್ನೇಸ್ ಇದ್ದು ಬಾರ್‌ಸ್ಟಾರ್ ಇರುವುದಿಲ್ಲ. ಅವುಗಳಿಗೆ ಸ್ವಂತ ಪರಾಗವಿರದು. ನೆರೆಯ ಹೂವಿನ ದಯೆಯಿಂದ ಕಾಯಿ ಕಟ್ಟಬೇಕು. ಕಾನೂನು ಕೊಟ್ಟ ಹಕ್ಕನ್ನು ಗಿಡವೇ ಕಸಿದುಕೊಂಡಂತಾಯಿತು. ಪ್ರತಿವರ್ಷ ಅಂಗಡಿಯ ಮುಂದೆ ನಿಲ್ಲುವುದು ರೈತನಿಗೆ ತಪ್ಪದು. ಇಂದು ಆ ಅಂಗಡಿ ಸಾರ್ವಜನಿಕರದ್ದಿರಬಹುದು. ನಾಳೆಯೂ ಹಾಗೆಯೇ ಇರುವುದೆಂಬ ಭರವಸೆಯನ್ನು ಕೊಡುವವರಾರು? ಈ ಬಾರ್ನೇಸ್ ತಂತ್ರವೇ ಮೊದಲು ಬೆಳೆಗಳಲ್ಲಿ ಸಿದ್ಧವಾದುದು ಬೆಲ್ಜಿಯಂ ದೇಶದ ಕಂಪನಿಯೊಂದರಲ್ಲಿ. ಕೊಳ್ಳುವವರಿಂದ ಕೊಳ್ಳುವವರಿಗೆ ಕೈ ಬದಲಾಯಿಸುತ್ತ ಅದು ಜಗತ್ತಿನ ದೊಡ್ಡ ಕೃಷಿರಸಾಯನ ಕಂಪನಿಗಳ ಆಸ್ತಿಯಾಯಿತೆಂಬುದನ್ನು ಮರೆಯಬಾರದು.

ಹಾಗಾದರೆ ಸ್ವಾಮಿಗಳಿಗೆ ವಿಜ್ಞಾನವೇ ಬೇಡವೇ? ಬೇಕು, ಆದರೆ ಎಂಥದು ಬೇಕೆಂಬುದನ್ನು ಹೆಸರು ಹಿಡಿದು ಹೇಳುತ್ತೇವೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯ ಹೂವಾದರೋ ಸಾಸಿವೆಯ ಹೂವಿಗಿಂತ ಅತಿಸೂಕ್ಷ್ಮ. ಅದರಲ್ಲಿ ಸಂಕರ ಮಾಡುವುದು ದುಸ್ಸಾಧ್ಯವೆಂದೇ ತಿಳಿದಿದ್ದ ಕಾಲ ಅದು. ಆ ಮಹಾನುಭಾವರು ವರ್ಷಗಟ್ಟಲೆ ಹೊಲದಲ್ಲಿಯೇ ನಿಂತು ಸಾಧಿಸಿದರು. ಹಳೆಯ ಮೈಸೂರಿನ ಬಡವನ ಅಂಬಲಿ, ಮುದ್ದೆಗಳು ಹೆಚ್ಚಿದುದು ಅವರಿಂದ. ಆ ಬೀಜವನ್ನು ಒಮ್ಮೆ ತಂದ ರೈತನು ತನ್ನ ಕಣದಲ್ಲಿಯೇ ಉಳಿಸಿಕೊಂಡು ಬಿತ್ತಿದನು, ಬೀಗರಿಗೆ ಕೊಟ್ಟನು, ನೆರೆಯವನಿಗೆ ಕಡ ಕೊಟ್ಟನು. ಪರದೇಶದ ರಾಗಿಯ ಗುಣವನ್ನು ನಮ್ಮ ರಾಗಿಗೆ ತಂದದ್ದಕ್ಕೆ ಯಾವ ಮಠವೂ ಅಂದು ಆಕ್ಷೇಪಿಸಲಿಲ್ಲ. ಅದು ಕಾಯಕ, ಅದರ ಫಲವನ್ನು ಹಂಚಿದುದು ದಾಸೋಹ. ಹಂಚಲಾಗದ ಬೀಜವನ್ನು ತಂದು ಅದಕ್ಕೂ ಅದೇ ಗೌರವ ಕೊಡಿರೆಂದರೆ ಹೇಗೆ ಕೊಡುವುದು?

ಕಳೆ ಕೀಳುವ ಕಷ್ಟವನ್ನು ನಾವು ತಿಳಿಯದವರಲ್ಲ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋದ ತಾಯಂದಿರು ಮಠಕ್ಕೆ ಬಂದು ಕೂರಲಾರದೆ ಕೂರುವುದನ್ನು ಕಾಣುತ್ತೇವೆ. ‘ಹಳೆಯದೇ ಚೆನ್ನ’ ಎಂದು ಅವರಿಗೆ ಹೇಳುವ ಕ್ರೂರತನ ನಮಗೆ ಬೇಡ. ಸಾಲು ಬಿತ್ತನೆಗೆ ಹಗುರವಾದ ಎಡೆಕುಂಟೆ, ನಿಂತು ನಡೆದೇ ಕಳೆ ತೆಗೆಯುವ ಕೈಯಂತ್ರ, ಅಕ್ಕಡಿಗೆ ಹೊಂದುವ ಕೂರಿಗೆ, ಇವನ್ನು ಇನ್ನಷ್ಟು ಚೆನ್ನಾಗಿಯೂ ಅಗ್ಗವಾಗಿಯೂ ಮಾಡಿಕೊಡಿರೆಂದು ಹೆಬ್ಬಾಳದ, ಧಾರವಾಡದ, ನಮ್ಮ ಹಾಸನದ ಕೃಷಿ ವಿದ್ವಾಂಸರನ್ನು ಕೇಳುತ್ತೇವೆ. ಸಾಸಿವೆಗೆ ಹೋದ ವರ್ಷಗಳಲ್ಲಿ ಹತ್ತರಲ್ಲೊಂದು ಪಾಲು ನಮ್ಮ ಹುಚ್ಚೆಳ್ಳಿಗೆ ಹೋಗಿದ್ದರೆ ಬೆದ್ದಲು ಸೀಮೆಯ ಗಾಣಗಳು ಇಂದು ತಿರುಗುತ್ತಿರಲಿಲ್ಲವೇ?

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು, ನಿರ್ಣಯದ ರೀತಿ. 2010ರಲ್ಲಿ ಬಿ.ಟಿ. ಬದನೆಯ ಪ್ರಶ್ನೆ ಬಂದಾಗ ಅಂದಿನ ಪರಿಸರ ಸಚಿವರು ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿದರು. ಅವುಗಳಲ್ಲಿ ಒಂದು ನಮ್ಮ ಬೆಂಗಳೂರು. ಆ ಬದನೆಯ ತಳಿಗಳಲ್ಲಿ ಕೆಲವನ್ನು ರೂಪಿಸುವುದರಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೇ ಪಾಲುಗೊಂಡಿತ್ತು. ಆದರೂ ರೈತರು ಎದ್ದು ನಿಂತು ಮಾತನಾಡಿದರು, ವಿಜ್ಞಾನಿಗಳು ಕೇಳಿದರು, ಕೂಗಾಟವೂ ಆಯಿತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಬೇಡವೆಂದವು. ಫೆಬ್ರವರಿ 9ರಂದು ಬಿಡುಗಡೆಗೆ ತಡೆ ಬಿದ್ದಿತು. ಸಾಸಿವೆಗಾದರೋ 2016ರಲ್ಲಿ ಪರೀಕ್ಷೆಗಳ ಸಾರಾಂಶವನ್ನು ಮಾತ್ರ ಪ್ರಕಟಿಸಿ, ಪೂರ್ಣ ದಾಖಲೆ ನೋಡಬೇಕಾದವರು ದೆಹಲಿಯ ಕಚೇರಿಗೆ ಬರಲೆಂದರು. ಅಭಿಪ್ರಾಯ ಹೇಳಲು 30 ದಿನಗಳ ಗಡುವು. ಜಾವಗಲ್ಲಿನ ರೈತನು ಬಿತ್ತನೆ ಬಿಟ್ಟು, ರೈಲು ಹತ್ತಿ, ಇಂಗ್ಲಿಷಿನ ಸಾವಿರಾರು ಪುಟಗಳನ್ನು ಓದಿ ಬರಬೇಕಾಗಿತ್ತೇ? 2022ರ ಅಕ್ಟೋಬರಿನಲ್ಲಿ ಒಂದೇ ವಾರದ ಅಂತರದಲ್ಲಿ, 18ರಂದು ಶಿಫಾರಸೂ 25ರಂದು ಅನುಮತಿಯೂ ಆದವು.

2024ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಇದರಲ್ಲಿ ಭಿನ್ನ ತೀರ್ಪುಗಳನ್ನಿತ್ತರು. ನಮ್ಮ ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಅನುಮತಿಯನ್ನು ರದ್ದುಗೊಳಿಸಿದರು. ನ್ಯಾಯಮೂರ್ತಿ ಸಂಜಯ್ ಕರೋಲ್ ಅವರು ಎತ್ತಿಹಿಡಿದರು. ವಿವಾದ ದೊಡ್ಡ ಪೀಠಕ್ಕೆಂದು ಹೋಯಿತು. ಆದರೆ ಇಬ್ಬರೂ ಒಂದು ಮಾತಿನಲ್ಲಿ ಕೂಡಿದರು: ಕೇಂದ್ರ ಸರ್ಕಾರವು ರಾಜ್ಯಗಳನ್ನೂ ರೈತರನ್ನೂ ತಜ್ಞರನ್ನೂ ಕೇಳಿಕೊಂಡು ಕುಲಾಂತರಿ ಬೆಳೆಗಳಿಗೆ ಒಂದು ರಾಷ್ಟ್ರೀಯ ನೀತಿಯನ್ನು ರಚಿಸಬೇಕು. ಭಿನ್ನಾಭಿಪ್ರಾಯದ ನಡುವೆಯೂ ದೊರೆತ ಈ ಏಕಮತವನ್ನು ನಾವು ಬಿಡಬಾರದು. ‘ರೈತರನ್ನು ಕೇಳಿ’ ಎಂದಾಗ ಆ ರೈತರು ಯಾರು? ಹುಚ್ಚೆಳ್ಳು ಬಿತ್ತುವವನು ರೈತನಲ್ಲವೇ? ಗಡಿಗೆಯಲ್ಲಿ ಬೀಜ ಕಾಯ್ದ ಮುದುಕಿ ರೈತಳಲ್ಲವೇ?

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಆಗ್ರಹ ಇಷ್ಟು. ಶಾಸನಸಭೆಯಲ್ಲಿಯೂ ಸಚಿವಾಲಯದಲ್ಲಿಯೂ ಇರುವವರು, ಕೃಷಿಯು ರಾಜ್ಯದ ವಿಷಯವೆಂಬುದನ್ನು ಮರೆಯದೆ, ಕರ್ನಾಟಕದ ಅಭಿಪ್ರಾಯವನ್ನು ಲಿಖಿತವಾಗಿ ಕೊಡುವಂತೆ ಸರ್ಕಾರವನ್ನು ಒತ್ತಾಯಿಸಿರಿ. ಪರೀಕ್ಷೆಯ ದಾಖಲೆಗಳು ಕನ್ನಡದಲ್ಲಿ ಬರಲಿ; ತಾಲ್ಲೂಕು ತಾಲ್ಲೂಕಿನಲ್ಲಿ ಸಭೆ ನಡೆಯಲಿ. ಪ್ರಯೋಗಾಲಯಗಳಲ್ಲಿರುವವರು, ಬಲ್ಲವರು ನೀವು, ತಪ್ಪು ಹೇಳಿದರೆ ನಮ್ಮನ್ನೂ ತಿದ್ದಿರಿ, ನಿಮ್ಮ ಇಲಾಖೆಯನ್ನೂ ತಿದ್ದಿರಿ. ಅಂದು ಜಗಲಿಯ ಮೇಲೆ ಪ್ರಶ್ನೆ ಕೇಳಿದ ಮಗುವಿಗೂ ಒಂದು ಮಾತು: ಅಪ್ಪಾ, ನಿನ್ನ ಅಂಗಡಿಯ ಒಂದು ಮೂಲೆಯಲ್ಲಿ ನಾಟಿ ಸಾಸಿವೆ, ಹುಚ್ಚೆಳ್ಳು, ಅವರೆಗಳ ಒಂದೊಂದು ಚೀಲವಿರಲಿ. ಲಾಭ ಕಡಿಮೆ ಬಂದೀತು. ನಿನ್ನನ್ನು ಓದಿಸಿದ ಅನ್ನ ಆ ಸಾಲುಗಳಿಂದಲೇ ಬಂದುದು.

ಭಕ್ತಾದಿಗಳಲ್ಲಿ ಕೇಳುವುದು ಅದಕ್ಕಿಂತಲೂ ಸುಲಭ. ಬರುವ ಜಾತ್ರೆಗೆ ತೆಂಗಿನಕಾಯಿ ಬಾಳೆಹಣ್ಣುಗಳ ಜೊತೆಗೆ ನಿಮ್ಮ ಮನೆಯ ಬಿತ್ತನೆಯ ಬೀಜ ಒಂದೊಂದು ಹಿಡಿ ತನ್ನಿರಿ; ಯಾವ ಊರಿನದು, ಯಾವ ಮಣ್ಣಿನದು ಎಂದು ಚೀಟಿ ಬರೆದು ತನ್ನಿರಿ. ಇದ್ದವರು ಕೊಡಲಿ, ಇಲ್ಲದವರು ಒಯ್ಯಲಿ. ಮಠದ ಉಗ್ರಾಣದ ಖಾಲಿ ಗಡಿಗೆಗಳನ್ನು ತೊಳೆಸಿ ಇಡಿಸಿದ್ದೇವೆ. ಮೊದಲ ಗಡಿಗೆಯಲ್ಲಿ ಆ ವೃದ್ಧ ಭಕ್ತೆಯ ಪಾವು ಸಾಸಿವೆಯ ಸಂತತಿ ಆಗಲೇ ತುಂಬಿದೆ. ಕೇಳಿದವರಿಗೆ ಕೊಡುತ್ತೇವೆ, ಬೆಳೆದ ಮೇಲೆ ಒಂದಕ್ಕೆ ಎರಡಾಗಿ ಹಿಂದಿರುಗಿಸಿದರೆ ಸಾಕು.